ಪಿ-53: ಇಲಿಯ ಜೀವಕೋಶದ ನಾಕೆ

ದಾಂಡೇಲಿ, ಜೋಯಿಡಾಗಳ ಕಾಡಿನಿಂದ ದಿಮ್ಮಿ ಹೇರಿಕೊಂಡು ಹೊರಟ ಲಾರಿಯು ಅರಣ್ಯ ಇಲಾಖೆಯ ನಾಕೆಯಲ್ಲಿ ನಿಲ್ಲಲೇಬೇಕು. ರಹದಾರಿ ಸರಿಯಾಗಿದ್ದರೆ ಅಡ್ಡಗಂಬ ಮೇಲೇಳುವುದು. ಇಲ್ಲದಿದ್ದರೆ ಲಾರಿ ಅಲ್ಲಿಯೇ ಉಳಿಯುವುದು. ಪ್ರಾಣಿಗಳ ಜೀವಕೋಶದಲ್ಲಿಯೂ ಇಂಥ ನಾಕೆಗಳುಂಟು. ಅವುಗಳಲ್ಲಿ ಒಂದನ್ನು ಕಾಯುವ, ಇಲಿಯ ಒಂದು ವಂಶವಾಹಿಯ ವಿಚಾರವನ್ನು ನಾವು ಇಲ್ಲಿ ನೋಡೋಣ. ಅದರ ಹೆಸರು ಪಿ-53. ಮನುಷ್ಯನಲ್ಲಿಯೂ ಇದು ಇರುವುದರಿಂದ ಇಲಿಯ ಕಥೆ ನಮ್ಮ ಕಥೆಯೂ ಹೌದು.

ಕೋಶವೊಂದು ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಇಲಿಯಲ್ಲಿ ವರ್ಣತಂತುಗಳ ಒಂದು ಕಂತೆಯಲ್ಲಿಯೇ ಸುಮಾರು 270 ಕೋಟಿ ಅಕ್ಷರಜೋಡಿಗಳಿವೆ. ಕ್ಷ-ಕಿರಣ, ಬಿಸಿಲಿನ ಅತಿನೇರಳೆ ಕಿರಣ, ಕೋಶದೊಳಗೇ ನಡೆಯುವ ರಾಸಾಯನಿಕ ಕ್ರಿಯೆ ಇವುಗಳಿಂದ ಈ ಎಳೆ ಆಗಾಗ ಕೆಡುತ್ತದೆ; ಕೆಲವೊಮ್ಮೆ ಕಡಿದೇ ಹೋಗುತ್ತದೆ. ಅದನ್ನು ಬೆಸೆಯುವ ಕಿಣ್ವಗಳು ಕೋಶದಲ್ಲಿ ಇವೆ, ಆದರೆ ಅವುಗಳಿಗೆ ವೇಳೆ ಬೇಕು. ವೇಳೆ ಸಿಗದೆ ನಕಲು ನಡೆದುಹೋದರೆ ತಪ್ಪು ಮರಿಕೋಶಗಳಿಗೆ ಶಾಶ್ವತವಾಗಿ ಇಳಿಯುತ್ತದೆ. ಇಂಥ ತಪ್ಪುಗಳು ಕೂಡಿಕೊಂಡಾಗಲೇ ಏಡಿಗಂತಿ, ಎಂದರೆ ಕ್ಯಾನ್ಸರ್, ಹುಟ್ಟುವುದು.

ಆ ವೇಳೆಯನ್ನು ದೊರಕಿಸಿಕೊಡುವುದೇ ಪಿ-53ರ ಕೆಲಸ. ಅದು ಸ್ವತಃ ರಿಪೇರಿಗಾರನಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಖ್ಯವಾಗಿ ಅದು ತಡೆಯುವವನು. ನೆಮ್ಮದಿಯ ಕೋಶದಲ್ಲಿ ಪಿ-53 ಪ್ರೋಟೀನು ತಯಾರಾಗುತ್ತಲೇ ಇರುತ್ತದೆ. ಎಮ್‌ಡಿಎಮ್-2 ಎಂಬ ಇನ್ನೊಂದು ಪ್ರೋಟೀನಿನ ದೆಸೆಯಿಂದ ಕೂಡಲೇ ನಾಶವೂ ಆಗುತ್ತದೆ. ಡಿಎನ್‌ಎ ಕಡಿದಾಗ ಏಟಿಎಮ್ ಎಂಬ ಕಿಣ್ವವು ಎಚ್ಚೆತ್ತು ಪಿ-53ಕ್ಕೆ ಫಾಸ್ಫೇಟು ಅಂಟಿಸುತ್ತದೆ. ಆಗ ನಾಶ ನಿಂತು ಪಿ-53 ಶೇಖರವಾಗುತ್ತದೆ; ಪಿ-21 ಎಂಬ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಪಿ-21ರ ಪ್ರೋಟೀನು ವಿಭಜನೆಯ ಯಂತ್ರಕ್ಕೆ ಅಡ್ಡಗಂಬ ಹಾಕುತ್ತದೆ. ಹಾನಿಯು ರಿಪೇರಿಗೆ ಮೀರಿದ್ದರೆ ಅದೇ ಪಿ-53 ಕೋಶವನ್ನು ಆತ್ಮನಾಶಕ್ಕೆ ಒಪ್ಪಿಸುವುದೂ ಉಂಟು. ಒಂದು ಕೋಶ ಸತ್ತರೆ ದೇಹಕ್ಕೆ ನಷ್ಟವೇನು?

ಈ ಪ್ರೋಟೀನು ಪತ್ತೆಯಾದದ್ದು 1979ರಲ್ಲಿ. ಸುಮಾರು ಹತ್ತು ವರ್ಷ ಇದನ್ನು ಕ್ಯಾನ್ಸರಿಗೆ ಕಾರಣವೆಂದೇ ತಿಳಿಯಲಾಗಿತ್ತು. ಸಂಶೋಧಕರ ಕೈಗೆ ಮೊದಲು ಸಿಕ್ಕ ನಕಲುಗಳು ಆಗಲೇ ಕೆಟ್ಟುಹೋದವಾಗಿದ್ದವು! ಕಾವಲುಗಾರನನ್ನು ಕಳ್ಳನೆಂದು ಹಿಡಿದ ಈ ಪ್ರಸಂಗ 1989ರಲ್ಲಿ ಇತ್ಯರ್ಥವಾಯಿತು. 1992ರಲ್ಲಿ ಅಮೆರಿಕದ ಡಾನಿಹೋವರ್ ಮತ್ತು ಸಂಗಡಿಗರು ಪಿ-53 ಇಲ್ಲದ ಇಲಿಗಳನ್ನೇ ಪಡೆದರು. ಅವುಗಳಲ್ಲಿ ಹೆಚ್ಚಿನವು ಸಹಜವಾಗಿಯೇ ಹುಟ್ಟಿ ಬೆಳೆದವು. ಆದರೆ ಆರು ತಿಂಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲಿಗಳಿಗೆ ಗಡ್ಡೆಗಳೆದ್ದವು. ಮನುಷ್ಯನ ಕ್ಯಾನ್ಸರುಗಳಲ್ಲಿಯೂ ಸುಮಾರು ಅರ್ಧದಷ್ಟರಲ್ಲಿ ಈ ವಂಶವಾಹಿ ಕೆಟ್ಟಿರುತ್ತದೆ.

ಹಳಿಯಾಳ, ಮುಂಡಗೋಡಗಳ ರೈತನ ಭತ್ತಕ್ಕೆ ಇಲಿಯೂ ಬರುತ್ತದೆ, ದಾಂಡೇಲಿಯ ಕಡೆಯಿಂದ ಆನೆಯೂ ಬರುತ್ತದೆ. ಆನೆಯ ದೇಹದಲ್ಲಿ ಕೋಶಗಳು ಇಲಿಗಿಂತ ಲಕ್ಷ ಪಟ್ಟಿಗೂ ಹೆಚ್ಚು, ಆಯುಷ್ಯವೂ ದೀರ್ಘ. ಲೆಕ್ಕದ ಪ್ರಕಾರ ಆನೆಗೆ ಕ್ಯಾನ್ಸರು ಬಹಳ ಹೆಚ್ಚಾಗಿರಬೇಕು. ಹಾಗಿಲ್ಲ, ಅದರಿಂದ ಸಾಯುವ ಆನೆಗಳು ನೂರಕ್ಕೆ ಐದರಷ್ಟು ಮಾತ್ರ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೊಂದು ಕಾರಣವನ್ನು ಸೂಚಿಸಿತು. ಒಂದೊಂದು ಕಂತೆಯಲ್ಲಿ ಇಲಿಗೂ ನಮಗೂ ಪಿ-53ರ ಪ್ರತಿ ಒಂದೇ. ಆಫ್ರಿಕದ ಆನೆಗೆ ಇಪ್ಪತ್ತು, ನಮ್ಮ ಏಷ್ಯದ ಆನೆಗೆ ಹದಿನೈದರಿಂದ ಇಪ್ಪತ್ತು. ವಿಕಿರಣಕ್ಕೆ ಒಡ್ಡಿದಾಗ ಆನೆಯ ರಕ್ತಕೋಶಗಳು ಮನುಷ್ಯನವಕ್ಕಿಂತ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಆತ್ಮನಾಶ ಹೊಂದಿದವು.

ಹಾಗಾದರೆ ಕಾವಲು ಹೆಚ್ಚಿದಷ್ಟೂ ಒಳಿತೇ? ಇಲ್ಲಿ ಪುನಃ ಇಲಿಯೇ ಸಾಕ್ಷಿ. 2002ರಲ್ಲಿ ಎರಡು ಬಗೆಯ ಇಲಿಗಳ ವಿವರ ಪ್ರಕಟವಾಯಿತು. ಮೊದಲ ಬಗೆಯಲ್ಲಿ ಪಿ-53 ಸದಾ ಅತಿಯಾಗಿ ಚುರುಕಾಗಿತ್ತು. ಅವಕ್ಕೆ ಗಡ್ಡೆಗಳು ಕಡಿಮೆ, ಆದರೆ ಮೂಳೆ ಸವೆದು, ಬೆನ್ನು ಬಾಗಿ ಅಕಾಲದಲ್ಲಿಯೇ ಮುಪ್ಪು ಬಂತು. ಕೋಶಗಳನ್ನು ತಡೆಯುತ್ತಲೇ ಹೋದರೆ ಸವೆದ ಅಂಗಾಂಶವನ್ನು ತುಂಬುವವರಾರು? ಎರಡನೆಯ ಬಗೆಗೆ ವಂಶವಾಹಿಯ ಹೆಚ್ಚಿನ ಪ್ರತಿಯನ್ನು ಅದರ ಸಹಜ ನಿಯಂತ್ರಣದೊಡನೆಯೇ ಕೊಡಲಾಗಿತ್ತು. ಹಾನಿಯಾದಾಗ ಮಾತ್ರ ಅದು ಮೇಲೇಳುತ್ತಿತ್ತು, ಉಳಿದಂತೆ ಸುಮ್ಮನಿರುತ್ತಿತ್ತು. ಈ ಇಲಿಗಳಿಗೆ ಕ್ಯಾನ್ಸರು ಕಡಿಮೆಯಾಯಿತು, ಮುಪ್ಪು ಮಾತ್ರ ತನ್ನ ಕಾಲಕ್ಕೇ ಬಂತು.