ಕಡಲ ಸ್ಪಂಜೂ ಸ್ತನದ ಏಡಿಗಂತಿಯೂ

ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ನಮಗೆಲ್ಲ ಹಿರಿಯೂರಿನ ವಾಣೀವಿಲಾಸ ಸಾಗರವೇ ಸಾಗರ. ನಿಜವಾದ ಕಡಲಿನ ತಳದಲ್ಲಿ ಔಷಧದ ಮೂಲವುಂಟೆಂಬುದನ್ನು ನಾವು ತಿಳಿಯತಕ್ಕದ್ದು.

ಸ್ತನದ ಏಡಿಗಂತಿ, ಎಂದರೆ ಕ್ಯಾನ್ಸರು, ಹಲವು ಬಗೆಯದು. ‘ಟ್ರಿಪಲ್ ನೆಗೆಟಿವ್’ ಎಂಬುದು ಅವುಗಳಲ್ಲಿ ಉಗ್ರವಾದುದು. ಈಸ್ಟ್ರೋಜನ್, ಪ್ರೊಜೆಸ್ಟೆರಾನ್, ಹರ್-೨ ಎಂಬ ಮೂರು ಗ್ರಾಹಕಗಳೂ ಇದರ ಜೀವಕೋಶಗಳಲ್ಲಿ ಕಾಣಬಾರವು. ಬೀಗವೇ ಇಲ್ಲದ ಬಾಗಿಲಿಗೆ ಬೀಗದ ಕೈಯಿಂದೇನು ಪ್ರಯೋಜನ? ಹಾರ್ಮೋನು ಚಿಕಿತ್ಸೆ ಇಲ್ಲಿ ನಿಷ್ಫಲ.

ಜಪಾನಿನ ಹಿರಾಟಾ, ಉಯೆಮುರಾ ಎಂಬ ವಿಜ್ಞಾನಿಗಳು ೬೦೦ ಕಿಲೋ ಸ್ಪಂಜಿನಿಂದ ಕೇವಲ ೧೨.೫ ಮಿಲಿಗ್ರಾಂ ಹ್ಯಾಲಿಕಾಂಡ್ರಿನ್-ಬಿ ಪಡೆದು, ೧೯೮೬ರಲ್ಲಿ ಅದನ್ನು ಪ್ರಕಟಪಡಿಸಿದರು. ಕಡಲನ್ನೆಲ್ಲ ಬರಿದುಮಾಡಿದರೂ ರೋಗಿಗಳಿಗೆ ಸಾಲದು! ೧೯೯೨ರಲ್ಲಿ ಹಾರ್ವರ್ಡಿನ ಕಿಶಿಯವರು ಆ ವಸ್ತುವನ್ನು ಪ್ರಯೋಗಶಾಲೆಯಲ್ಲಿಯೇ ರಚಿಸಿದರು. ಅದರ ಅರ್ಧಭಾಗವನ್ನು ಅನುಸರಿಸಿ ನಿರ್ಮಿಸಿದ ಔಷಧವೇ ಎರಿಬುಲಿನ್. ಕೋಶವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಸೆಳೆಯುವ ಸೂಕ್ಷ್ಮನಾಳಗಳುಂಟಷ್ಟೆ. ಅವುಗಳ ಬೆಳೆಯುವ ತುದಿಗೆ ಇದು ಅಂಟಿಕೊಳ್ಳುತ್ತದೆ. ವಿಭಜನೆ ನಿಂತು ಕೋಶ ಸಾಯುತ್ತದೆ. ೨೦೧೦ರಲ್ಲಿ ಅಮೆರಿಕೆಯಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಹಾಗಾದರೆ ರೋಗ ಗುಣವಾಯಿತೆ? ಇಲ್ಲ. ದೇಹದಲ್ಲೆಲ್ಲ ಹರಡಿದ, ಬೇರೆ ಔಷಧಗಳಿಗೆ ಬಗ್ಗದ ಸ್ತನ ಕ್ಯಾನ್ಸರಿನ ೭೬೨ ಮಹಿಳೆಯರ ಪರೀಕ್ಷೆಯಲ್ಲಿ ಮಧ್ಯಮ ಆಯುಷ್ಯ ೧೦.೬ ತಿಂಗಳಿಂದ ೧೩.೧ಕ್ಕೆ ಏರಿತು, ಅಷ್ಟೆ. ಆ ಎರಡೂವರೆ ತಿಂಗಳು ಒಂದು ಮನೆಗೆ ಅಲ್ಪವಲ್ಲ. ಆದರೆ ಗಂಟನ್ನು ಮೊದಲೇ ಗುರುತಿಸಿದರೆ ಲಭಿಸುವುದು ವರ್ಷಗಳು. ನೋವಿಲ್ಲವೆಂದೋ ನಾಚಿಕೆಯಿಂದಲೋ ಮುಚ್ಚಿಡದೆ, ನಮ್ಮ ತಾಯಿ, ಅಕ್ಕತಂಗಿಯರು ಕೂಡಲೇ ವೈದ್ಯರಿಗೆ ತೋರಿಸುವಂತೆ ಹೇಳುವುದು ಓದಿದವರಾದ ನಮ್ಮ ಹೊಣೆ.