ಆಂಡರ್ಸನ್‌ವಿಲ್ ಸೆರೆಮನೆ: ಬಾಕಿ ಉಳಿದ ಒಂದು ಪಾಠ

ತರಗತಿಯಲ್ಲಿ ಯುದ್ಧಗಳ ಇಸವಿಗಳನ್ನು ನಾನು ಬಾಯಿಪಾಠ ಮಾಡಿಸಿದ್ದುಂಟು. ಸೆರೆಸಿಕ್ಕ ಸಿಪಾಯಿಗಳ ಗತಿಯನ್ನು ತಿಳಿಸಿದ್ದು ಕಡಿಮೆ. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇನೆ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ಪಕ್ಷದವರು 1864ರ ಫೆಬ್ರವರಿಯಲ್ಲಿ ಜಾರ್ಜಿಯಾ ಪ್ರಾಂತದ ಆಂಡರ್ಸನ್‌ವಿಲ್‌ನಲ್ಲಿ ಉತ್ತರದ ಸೈನಿಕರಿಗಾಗಿ ಸೆರೆಮನೆಯೊಂದನ್ನು ತೆರೆದರು. ಸೆರೆಮನೆಯೆಂದರೆ ಕಟ್ಟಡವಲ್ಲ; ಮರದ ದಿಮ್ಮಿಗಳನ್ನು ನೆಟ್ಟು ಸುತ್ತುಗಟ್ಟಿದ ಬಯಲು. ಹತ್ತು ಸಾವಿರ ಮಂದಿಗೆಂದು ಯೋಜಿಸಿದ ಆ ಜಾಗವನ್ನು ಜೂನ್‌ನಲ್ಲಿ ಇಪ್ಪತ್ತಾರೂವರೆ ಎಕರೆಗೆ ವಿಸ್ತರಿಸಿದರೂ ಆಗಸ್ಟ್‌ನಲ್ಲಿ ಅಲ್ಲಿದ್ದವರು 32,000ಕ್ಕೂ ಮಿಕ್ಕಿ. ಸೂರಿಲ್ಲ, ಕಂಬಳಿ, ಕೋಲುಗಳಿಂದ ತಾವೇ ಕಟ್ಟಿಕೊಂಡ ಗೂಡುಗಳೇ ಆಸರೆ. ಊಟವೆಂದರೆ ಮುಸುಕಿನ ಜೋಳದ ಒರಟು ಹಿಟ್ಟು, ಸಿಕ್ಕರೆ ತುಸು ಮಾಂಸ. ನಡುವೆ ಹರಿಯುವ ಒಂದೇ ತೊರೆ ಕುಡಿಯಲೂ ಬೇಕು, ಶೌಚಕ್ಕೂ ಬೇಕು. ಅತಿಸಾರ, ಆಮಶಂಕೆಗಳಿಗೆ ಬೇರೆ ಕಾರಣ ಹುಡುಕಬೇಕೆ? ತರಕಾರಿ ಕಾಣದ ಬಾಯಿಗಳಲ್ಲಿ ಸ್ಕರ್ವಿ ರೋಗದಿಂದ ಒಸಡು ಕೊಳೆಯಿತು. ಗೋಡೆಯ ಒಳಬದಿಯ ಗಡಿಗೆರೆ ದಾಟಿದವನಿಗೆ ಗುಂಡು. ‘ಡೆಡ್‌ಲೈನ್’ ಎಂಬುದು ಆ ಗೆರೆಯ ಹೆಸರು. ನಮ್ಮ ಕಚೇರಿಗಳು ಅದನ್ನು ಎಷ್ಟು ಹಗುರಾಗಿ ಬಳಸುತ್ತವೆ!

ಅಲ್ಲಿಗೆ ಬಂದ ಸುಮಾರು 45,000 ಮಂದಿಯಲ್ಲಿ ಸುಮಾರು 13,000 ಮಂದಿ ಸತ್ತರು. ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಉತ್ತರದವರ ಎಲ್ಮೈರಾ ಸೆರೆಮನೆಯಲ್ಲಿಯೂ ಸಾವಿರಾರು ಸೆರೆಯಾಳುಗಳು ಸತ್ತರೆಂಬುದನ್ನು ಮರೆಯಲಾಗದು.

ಹಾಜರಿ ಪುಸ್ತಕ ಬರೆಯುತ್ತಲೇ ಆಯುಷ್ಯ ಸವೆಸಿದ ನನ್ನ ಮನಸ್ಸು ನಿಲ್ಲುವುದು ಡಾರೆನ್ಸ್ ಆಟ್‌ವಾಟರ್ ಎಂಬ ಹರೆಯದ ಸೆರೆಯಾಳಿನಲ್ಲಿ. ಸತ್ತವರ ದಾಖಲೆ ಬರೆಯುವ ಕೆಲಸಕ್ಕೆ ಹಚ್ಚಲ್ಪಟ್ಟ ಆತ, ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡು ಹೊರಗೆ ತಂದ. 1865ರ ಬೇಸಿಗೆಯಲ್ಲಿ ಕ್ಲಾರಾ ಬಾರ್ಟನ್ ಮೊದಲಾದವರೊಡನೆ ಅಲ್ಲಿಗೆ ಮರಳಿ, ಗೋರಿಗಳಿಗೆ ಹೆಸರು ಹಾಕಿಸಲು ನೆರವಾದ. ‘ಅಜ್ಞಾತ’ ಎಂಬ ಬರಹ ಉಳಿದದ್ದು ಸುಮಾರು 460 ಗೋರಿಗಳ ಮೇಲೆ ಮಾತ್ರ.