ಹೊಸ ಹೂವಿನ ನಗರ

ಮನುಷ್ಯನು ಪರಸ್ಥಳಕ್ಕೆ ಹೋಗುವುದು ಎರಡು ಬಗೆಯಲ್ಲಿ. ಒಂದು, ನೋಡಿ ಬರುವುದಕ್ಕೆ. ಇನ್ನೊಂದು, ಇದ್ದು ಬಾಳುವುದಕ್ಕೆ. ನೋಡಿ ಬರುವವನು ಅರಮನೆ, ಗೋಪುರ, ಉದ್ಯಾನಗಳನ್ನು ಕಂಡು ಸಂತೋಷದಿಂದ ಹಿಂದಿರುಗುತ್ತಾನೆ. ಇದ್ದು ಬಾಳಬೇಕಾದವನಿಗಾದರೋ ಮೊದಲು ಬೇಕಾದುದು ಅರಮನೆಯ ದಾರಿಯಲ್ಲ. ಉಪ್ಪು ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ನೆರೆಮನೆಯ ಹಿರಿಯರನ್ನು ಹೇಗೆ ಮಾತನಾಡಿಸಬೇಕು ಎಂಬ ಸಣ್ಣ ಸಂಗತಿಗಳ ತಿಳಿವಳಿಕೆ ಅವನಿಗೆ ಬೇಕು. ಈ ಸಣ್ಣ ಸಂಗತಿಗಳನ್ನು ಕಲಿಯದವನು ಹತ್ತು ವರ್ಷ ಇದ್ದರೂ ಆ ಊರಿಗೆ ಹೊರಗಿನವನೇ. ಕಲಿತವನು ಕೆಲವೇ ತಿಂಗಳುಗಳಲ್ಲಿ ಆ ಊರಿನವನಾಗುತ್ತಾನೆ.

ಕಲಬುರಗಿ ಜಿಲ್ಲೆಯ ಜನರಿಗೆ ಈ ಮಾತು ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ಅಂದಿನಿಂದ ವಾಡಿಯು ಹಲವು ದಿಕ್ಕಿನ ಜನರು ಇಳಿದು ಹತ್ತುವ ಜಂಕ್ಷನ್ನಾಯಿತು. ಶಹಾಬಾದಿನ ಫರ್ಸಿಕಲ್ಲು ದೂರದೂರದ ಮನೆಗಳ ನೆಲಕ್ಕೆ ಹಾಸಾಯಿತು. ನೆಲದೊಳಗಿನ ಸುಣ್ಣದ ಕಲ್ಲಿನಿಂದಾಗಿ ಶಹಾಬಾದ, ವಾಡಿ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದವು. ಅವುಗಳ ಹಿಂದೆಯೇ ಹೊರನಾಡಿನ ಕೆಲಸಗಾರರು ಬಂದರು. ಇತ್ತ ಚಿಂಚೋಳಿ, ಚಿತ್ತಾಪುರಗಳ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದರು. ಹೀಗೆ ಈ ನಾಡು ಹೊಸಬರನ್ನು ಬರಮಾಡಿಕೊಂಡುದೂ ಉಂಟು. ತನ್ನ ಮಕ್ಕಳನ್ನು ಹೊಸಬರನ್ನಾಗಿ ಹೊರಗೆ ಕಳುಹಿಸಿದುದೂ ಉಂಟು.

ಹೊಸಬರ ಬಾಳು ಎಂತಹದೆಂಬುದನ್ನು ಸ್ಪಷ್ಟವಾಗಿ ಅರಿಯಲು ಬಹು ದೂರದ ಒಂದು ನಗರವನ್ನು ಆರಿಸಿಕೊಳ್ಳೋಣ. ಅದು ಆಫ್ರಿಕಾ ಖಂಡದ ಇಥಿಯೋಪಿಯಾ ದೇಶದ ರಾಜಧಾನಿಯಾದ ಅಡಿಸ್ ಅಬಾಬ. ಆ ದೇಶಕ್ಕೂ ಭಾರತದ ಅಧ್ಯಾಪಕರಿಗೂ ಹಳೆಯ ನಂಟಿದೆ. 1936ರಲ್ಲಿ ಇಟಲಿಯ ಸೈನ್ಯವು ಇಥಿಯೋಪಿಯಾವನ್ನು ವಶಪಡಿಸಿಕೊಂಡಿತು. 1941ರಲ್ಲಿ ದೇಶವು ಬಿಡುಗಡೆಯಾದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿಯವರು ಶಾಲೆಗಳನ್ನು ಮತ್ತೆ ಕಟ್ಟತೊಡಗಿದರು. ಕಲಿಸುವವರು ಸಾಲದೆ ಹೋದಾಗ ಹೊರದೇಶಗಳಿಂದ, ಅದರಲ್ಲಿಯೂ ಭಾರತದಿಂದ, ಅಧ್ಯಾಪಕರನ್ನು ಕರೆಸಿಕೊಂಡರು. ಮುಂದಿನ ಹಲವು ದಶಕಗಳ ಕಾಲ ಅಲ್ಲಿನ ಮಕ್ಕಳಿಗೆ ಭಾರತೀಯ ಗುರುಗಳು ಪಾಠ ಹೇಳಿದರು. ಕಾಸರಗೋಡಿನ ಬಳಿಯ ಕೂಡ್ಲು ಗ್ರಾಮದಲ್ಲಿ ಹುಟ್ಟಿದ ಕನ್ನಡದ ಕಾದಂಬರಿಕಾರ ಕೆ. ಟಿ. ಗಟ್ಟಿಯವರು (1938–2024) ಕೂಡ 1980ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು.

ಈಗ ಸೇಡಂ ಕಡೆಯ ಅಧ್ಯಾಪಕ ದಂಪತಿಗಳು ಅಡಿಸ್ ಅಬಾಬದಲ್ಲಿ ಸಂಸಾರ ಹೂಡಲು ಹೋದರೆಂದು ಭಾವಿಸೋಣ. ಅವರಿಗೆ ಮೊದಲ ಪಾಠ ಹೇಳುವುದು ಅಲ್ಲಿಯ ಹವೆ. ಆಫ್ರಿಕಾ ಎಂದರೆ ಉರಿಬಿಸಿಲು, ಮರಳುಗಾಡು ಎಂದು ತಿಳಿದು ತೆಳುವಾದ ಹತ್ತಿಯ ಬಟ್ಟೆಗಳನ್ನು ಅವರು ಒಯ್ದಿರುತ್ತಾರೆ. ವಿಮಾನದಿಂದ ಇಳಿದೊಡನೆ ಮೈ ನಡುಗುತ್ತದೆ! ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಅಡಿಸ್ ಅಬಾಬ ನಗರವಾದರೋ 2,300 ಮೀಟರಿಗೂ ಮೇಲಿದೆ. ಏರುಬೀದಿಯಲ್ಲಿ ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಹೊಸಬರಿಗೆ ಉಸಿರು ಕಟ್ಟುತ್ತದೆ. ಚಕ್ರವರ್ತಿ ಎರಡನೆಯ ಮೆನೆಲಿಕ್ ಮತ್ತು ರಾಣಿ ತಾಯ್ತು 1886ರಲ್ಲಿ ಎಂತೊತೊ ಬೆಟ್ಟದ ಬುಡದಲ್ಲಿ ಈ ನಗರಕ್ಕೆ ಅಸ್ತಿವಾರ ಹಾಕಿದರು. ಅಡಿಸ್ ಅಬಾಬ ಎಂದರೆ ಅಮ್ಹಾರಿಕ್ ಭಾಷೆಯಲ್ಲಿ 'ಹೊಸ ಹೂವು' ಎಂದರ್ಥ. ಬೆಟ್ಟದ ಮೇಲೆ ದಟ್ಟವಾಗಿ ಬೆಳೆದಿರುವ ನೀಲಗಿರಿ ಮರಗಳು ಕೂಡ ಮೆನೆಲಿಕ್ಕನ ಕಾಲದಲ್ಲಿ ಉರುವಲಿಗಾಗಿ ತರಿಸಿ ನೆಡಿಸಿದವು. ಅವುಗಳ ತವರು ಆಸ್ಟ್ರೇಲಿಯಾ. ಅಲ್ಲಿಯ ಜನರು ಅದನ್ನು 'ಕಡಲಾಚೆಯ ಮರ' ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಎರಡನೆಯ ಪಾಠ ಗಡಿಯಾರದ್ದು. ಮನೆಯ ಒಡೆಯನು "ನಾಳೆ ಮೂರು ಗಂಟೆಗೆ ಬನ್ನಿ, ಬೀಗದ ಕೈ ಕೊಡುತ್ತೇನೆ" ಎಂದು ಹೇಳಿದನೆನ್ನೋಣ. ದಂಪತಿಗಳು ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಮನೆಗೆ ಬೀಗ! ಒಡೆಯನು ಬೆಳಗಿನ ಒಂಬತ್ತಕ್ಕೆ ಬಂದು ಕಾದು ಹೋಗಿರುತ್ತಾನೆ. ಅಲ್ಲಿ ಹಗಲಿನ ಗಂಟೆಗಳನ್ನು ಎಣಿಸುವುದು ಸೂರ್ಯೋದಯದಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಒಂಬತ್ತು ಅವರಿಗೆ ಮೂರು. ಇದೇನು ವಿಚಿತ್ರವೆಂದು ನಗುವ ಮೊದಲು ನಮ್ಮ ಹಿರಿಯರನ್ನು ನೆನೆಯಬೇಕು. ಸೂರ್ಯೋದಯದಿಂದ ಘಳಿಗೆಗಳನ್ನು ಎಣಿಸಿ ಹೊತ್ತು ಹೇಳುವ ಪದ್ಧತಿ ನಮ್ಮ ಪಂಚಾಂಗದಲ್ಲಿಯೂ ಉಂಟಷ್ಟೆ? ಅವರ ವರ್ಷದಲ್ಲಿ ಮೂವತ್ತು ದಿನಗಳ ಹನ್ನೆರಡು ತಿಂಗಳುಗಳೂ ಐದು ಅಥವಾ ಆರೇ ದಿನಗಳ ಹದಿಮೂರನೆಯ ತಿಂಗಳೊಂದೂ ಇವೆ. ಕ್ರಿಸ್ತನ ಜನನಕಾಲವನ್ನು ಬೇರೆ ರೀತಿಯಲ್ಲಿ ಗಣಿಸುವುದರಿಂದ ಅವರ ವರ್ಷದ ಸಂಖ್ಯೆ ಏಳೆಂಟು ವರ್ಷ ಹಿಂದಿರುತ್ತದೆ. ಅವರು 2000ನೆಯ ವರ್ಷವನ್ನು ಸ್ವಾಗತಿಸಿದುದು ನಮ್ಮ ಲೆಕ್ಕದ 2007ರ ಸೆಪ್ಟೆಂಬರಿನಲ್ಲಿ. ಶಾಲಿವಾಹನ ಶಕವನ್ನು 78 ವರ್ಷ ಹಿಂದಿಟ್ಟುಕೊಂಡು ಯುಗಾದಿ ಆಚರಿಸುವ ನಮಗೆ ಇದು ಅಚ್ಚರಿಯಾಗಬಾರದು.

ಮೂರನೆಯ ಪಾಠ ನುಡಿ ಮತ್ತು ಬರಹಗಳದು. ಅಂಗಡಿಯ ಹಲಗೆಗಳ ಮೇಲಿನ ಲಿಪಿಯನ್ನು ಕಂಡಾಗ ಹೊಸಬರಿಗೆ ಎದೆಗುಂದುವುದು ಸಹಜ. ಆದರೆ ಕನ್ನಡದ ಮಗುವಿಗೆ ಅಲ್ಲೊಂದು ಸಂತೋಷ ಕಾದಿದೆ. ಮೂವತ್ತಮೂರು ಮೂಲಾಕ್ಷರಗಳು, ಒಂದೊಂದಕ್ಕೂ ಸ್ವರಕ್ಕೆ ತಕ್ಕಂತೆ ಬದಲಾಗುವ ಏಳು ರೂಪಗಳು. ಇದು ನಮ್ಮ ಕಾಗುಣಿತವಲ್ಲದೆ ಮತ್ತೇನು? ಅಮ್ಹಾರಿಕ್ ಭಾಷೆಯ ವಂಶ ಬೇರೆ. ಅರಬ್ಬಿಯೂ ಹೀಬ್ರೂವೂ ಅದರ ಬಳಗ. ಆದರೂ ನಮ್ಮಲ್ಲಿಯಂತೆ ಅಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ನೀನು, ನೀವು ಎಂಬ ಮರ್ಯಾದೆಯ ಭೇದವೂ ಅಲ್ಲಿದೆ. ಅಷ್ಟೇ ಅಲ್ಲ, ಗಂಡಸಿಗೆ ಹೇಳುವ 'ನೀನು' ಬೇರೆ, ಹೆಂಗಸಿಗೆ ಹೇಳುವ 'ನೀನು' ಬೇರೆ. ಎದುರಾದವರಿಗೆ ಹೇಳುವ 'ತೆನಾ ಯಿಸ್ತಿಲಿಞ್' ಎಂಬ ವಂದನೆಗೆ 'ದೇವರು ನಿಮಗೆ ಆರೋಗ್ಯ ಕೊಡಲಿ' ಎಂಬ ಭಾವವಿದೆ. ತಪ್ಪು ಉಚ್ಚಾರದಿಂದಲಾದರೂ ಹೊಸಬನು ಈ ಒಂದು ಮಾತನ್ನು ಆಡಿದರೆ ಎದುರಿನ ಮುಖವು ಅರಳುತ್ತದೆ. ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಸೇಡಂ, ಚಿಂಚೋಳಿಗಳಲ್ಲಿ ಬೆಳೆದವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಆದರೆ ಹೊಸಬರನ್ನು ನಿಜವಾಗಿ ಪರೀಕ್ಷಿಸುವುದು ಊಟದ ಮಣೆ. ಅಲ್ಲಿಯ ಮುಖ್ಯ ಆಹಾರ ಇಂಜೆರ. 'ತೆಫ್' ಎಂಬ ಅತಿ ಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿ ಬರಿಸಿ, ಅಗಲವಾದ ಹಂಚಿನ ಮೇಲೆ ಹುಯ್ದು ಬೇಯಿಸುತ್ತಾರೆ. ನೋಡಲು ದೊಡ್ಡ ದೋಸೆಯಂತೆ, ಮುಟ್ಟಿದರೆ ಮೆತ್ತಗೆ, ರುಚಿ ಹುಳಿ. ಅದರ ಮೇಲೆ ಬಡಿಸುವ 'ಶಿರೊ' ಎಂಬ ಪದಾರ್ಥವನ್ನು ಕಡಲೆ ಮೊದಲಾದ ಕಾಳುಗಳ ಹಿಟ್ಟಿಗೆ ಖಾರ ಬೆರೆಸಿ ಕುದಿಸಿ ಮಾಡುತ್ತಾರೆ. ಝುಣಕದ ರುಚಿ ಬಲ್ಲವರಿಗೆ ಅದು ಪರಕೀಯವೆನಿಸದು. ಸಸ್ಯಾಹಾರಿಗಳಿಗೂ ಅಲ್ಲಿ ಕಷ್ಟವಿಲ್ಲ. ಅಲ್ಲಿನ ಸನಾತನ ಕ್ರೈಸ್ತ ಸಂಪ್ರದಾಯದವರು ಬುಧವಾರ, ಶುಕ್ರವಾರಗಳಂದೂ ಈಸ್ಟರ್ ಹಬ್ಬದ ಮುಂಚಿನ ದೀರ್ಘವ್ರತದಲ್ಲಿಯೂ ಮಾಂಸ, ಹಾಲು, ಮೊಟ್ಟೆಗಳನ್ನು ಮುಟ್ಟುವುದಿಲ್ಲ. 'ಉಪವಾಸದ ಊಟ' ಎಂದು ಕೇಳಿದರೆ ಸಾಕು, ಕಾಳುಪಲ್ಯಗಳ ಊಟ ಸಿದ್ಧವಾಗುತ್ತದೆ.

ಪರೀಕ್ಷೆ ಬರುವುದು ಬೇರೆಡೆಯಲ್ಲಿ. ಅಲ್ಲಿ ಮನೆಯವರೆಲ್ಲರೂ ಒಂದೇ ದೊಡ್ಡ ತಟ್ಟೆಯಿಂದ ಉಣ್ಣುತ್ತಾರೆ. ಪ್ರೀತಿಯ ಅತಿಥಿಗೆ ಮನೆಯೊಡತಿಯು ತನ್ನ ಕೈಯಿಂದಲೇ ತುತ್ತು ಮಾಡಿ ಬಾಯಿಗಿಡುತ್ತಾಳೆ. ಇದಕ್ಕೆ 'ಗುರ್ಶಾ' ಎಂದು ಹೆಸರು. ಎಂಜಲಿನ ವಿಚಾರವನ್ನು ಎಳೆತನದಿಂದ ಕೇಳಿ ಬೆಳೆದ ನಮ್ಮ ದಂಪತಿಗಳು ಆ ಕ್ಷಣದಲ್ಲಿ ಏನು ಮಾಡಬೇಕು? ಮುಖ ತಿರುಗಿಸಿದರೆ ಆ ತಾಯಿಯ ಮನಸ್ಸು ನೋಯುತ್ತದೆ. ಸ್ವೀಕರಿಸಿದರೆ ಊರಿನ ಕಟ್ಟಳೆಯೊಂದು ಸಡಿಲವಾಗುತ್ತದೆ. ಹೊಸಬನಾದವನು ತನ್ನ ನಡೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಸಿದ್ಧ ಉತ್ತರವಿಲ್ಲ. ಆದರೆ ತುತ್ತು ನೀಡುವ ಕೈಯಲ್ಲಿರುವುದು ಅನ್ನ ಮಾತ್ರವಲ್ಲ, ನಂಬಿಕೆ. ಅದನ್ನು ಅರಿತವನು ಬಾಯಿ ತೆರೆಯುತ್ತಾನೆ. ಆ ದಿನದಿಂದ ಅವನು ಆ ಮನೆಯವನು. ಊಟವಾದ ಮೇಲೆ ಕಾಫಿಯ ಬೀಜಗಳನ್ನು ಅತಿಥಿಯ ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೊದಲ ಸುತ್ತಿಗೇ ಎದ್ದು ಹೊರಡುವುದು ಸೌಜನ್ಯವಲ್ಲ.

ಬಾಳಲು ಹೋದವನಿಗೆ ಆ ಊರಿನ ಸುಖದಲ್ಲಿ ಮಾತ್ರ ಪಾಲು ಸಿಗುವುದಿಲ್ಲ. 1974ರಲ್ಲಿ ಚಕ್ರವರ್ತಿಯನ್ನು ಪದಚ್ಯುತಗೊಳಿಸಿ ಸೈನ್ಯಾಧಿಕಾರಿಗಳು ಆಡಳಿತವನ್ನು ಕೈಗೆ ತೆಗೆದುಕೊಂಡರು. ಆ ಆಳ್ವಿಕೆ 1991ರವರೆಗೆ ನಡೆಯಿತು. ಅನೇಕರು ಸೆರೆಯಾದರು, ಅನೇಕರು ಪ್ರಾಣ ತೆತ್ತರು. 1983ರಿಂದ 1985ರವರೆಗೆ ಭೀಕರ ಕ್ಷಾಮವು ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಆ ದಿನಗಳಲ್ಲಿ ಅಲ್ಲಿದ್ದ ಭಾರತೀಯ ಅಧ್ಯಾಪಕರು ಅಂತಹ ನಾಡಿನ ಮಕ್ಕಳಿಗೆ ಪಾಠ ಹೇಳಬೇಕಾಗಿತ್ತು. ಊರಿನ ದುಃಖವೂ ತನ್ನದೆಂದು ಅನ್ನಿಸಿದಾಗಲೇ ನೆಲೆಸುವಿಕೆ ಪೂರ್ಣವಾಗುತ್ತದೆ.

ಇಷ್ಟು ದೂರದ ನಾಡಿಗೂ ನಮ್ಮ ಕರಿಮಣ್ಣಿನ ಬಯಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಉತ್ತರವು ನಮ್ಮ ಬುತ್ತಿಯಲ್ಲಿಯೇ ಇದೆ. ನಾವು ದಿನವೂ ತಟ್ಟುವ ರೊಟ್ಟಿಯ ಜೋಳದ ತವರು ಈಶಾನ್ಯ ಆಫ್ರಿಕಾ. ಇಥಿಯೋಪಿಯಾಕ್ಕೆ ಹೊಂದಿಕೊಂಡಿರುವ ಪೂರ್ವ ಸೂಡಾನಿನಲ್ಲಿ ಸುಮಾರು 5,000 ವರ್ಷಗಳ ಹಿಂದೆಯೇ ಜನರು ಜೋಳವನ್ನು ಬೆಳೆಯುತ್ತಿದ್ದ ಗುರುತುಗಳು ದೊರೆತಿವೆ. ರಾಗಿಯೂ ಆ ಕಡೆಯ ಎತ್ತರದ ನೆಲದಿಂದಲೇ ಬಂದುದು. ತೊಗರಿಯಾದರೋ ಇಲ್ಲಿಂದ ಅಲ್ಲಿಗೆ ಹೋದುದು. ಭಾರತದಲ್ಲಿ ಹುಟ್ಟಿದ ಆ ಬೆಳೆ ಇಂದು ಪೂರ್ವ ಆಫ್ರಿಕಾದ ಹೊಲಗಳಲ್ಲಿ ನಳನಳಿಸುತ್ತದೆ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಬೇಳೆಗೆ ಕಡಲಾಚೆಯಲ್ಲಿಯೂ ದಾಯಾದಿಗಳಿದ್ದಾರೆ! ಜೋಳದ ರೊಟ್ಟಿ, ತೊಗರಿಬೇಳೆ ಒಂದೇ ತಟ್ಟೆಯಲ್ಲಿ ಕೂಡಿದಾಗ ಎರಡು ಖಂಡಗಳು ಕೂಡಿದಂತಾಯಿತು.

ಕಾಳುಗಳಂತೆ ಮನುಷ್ಯರೂ ಬಂದರು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ಇಥಿಯೋಪಿಯಾಕ್ಕೆ ಅರಬ್ಬರು ಇಟ್ಟ ಹೆಸರು ಹಬಶ್; ಅಲ್ಲಿಂದ ದಖ್ಖನಿಗೆ ಬಂದವರನ್ನು ಹಬಸಿಗಳೆಂದು ಕರೆದರು. ಬಹಮನಿ ಅರಸರ ಸೈನ್ಯದಲ್ಲಿಯೂ ಆಸ್ಥಾನದಲ್ಲಿಯೂ ಅವರಿದ್ದರು. ಬೀದರಿನ ಹಬಸಿಕೋಟೆಯಲ್ಲಿ ಅವರ ಗೋರಿಗಳಿವೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು ಅಹಮದನಗರದ ರಾಜ್ಯಕ್ಕೆ ಆಧಾರಸ್ತಂಭವಾಗಿ ನಿಂತು 1626ರಲ್ಲಿ ತೀರಿಕೊಂಡನು. ಆದರೆ ಒಂದು ಭೇದವನ್ನು ಮರೆಯಬಾರದು. ನಮ್ಮ ಅಧ್ಯಾಪಕರು ಸಂಬಳ ಪಡೆದು, ಬೇಕಾದಾಗ ಹಿಂದಿರುಗುವ ಸ್ವಾತಂತ್ರ್ಯದೊಡನೆ ಅಲ್ಲಿಗೆ ಹೋದರು. ಹಬಸಿಗಳಲ್ಲಿ ಬಹುಮಂದಿಯನ್ನು ತಾಯಿನೆಲದಿಂದ ಕಿತ್ತು ತರಲಾಗಿತ್ತು. ಅವರು ಕಲಿತ ಹೊಸ ಊರಿನ ಪಾಠವು ನಮ್ಮವರದಕ್ಕಿಂತ ನೂರುಪಾಲು ಕಠಿಣವಾದುದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಿಕರೂ ಆಫ್ರಿಕಾದವರು. ಶತಮಾನಗಳಿಂದ ಇಲ್ಲಿಯೇ ಹುಟ್ಟಿ, ಇಲ್ಲಿಯ ನುಡಿಯನ್ನೇ ಆಡುವ ಅವರನ್ನು "ನೀವು ಯಾವ ದೇಶದವರು?" ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ಗುಂಪೊಂದು, ತಾನು ಮಾಡದ ತಪ್ಪಿಗಾಗಿ, ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಹಲ್ಲೆ ನಡೆಸಿತು. ಅಪಘಾತ ಮಾಡಿದವನು ಬೇರೊಬ್ಬ ಆಫ್ರಿಕದವನು. ಬಣ್ಣವೊಂದೇ ಆಕೆಯ ಅಪರಾಧವಾಯಿತು. ಓದಲು ಬಂದ ಮಗುವಿಗೆ ಈ ನಾಡು ಕೊಟ್ಟ ತುತ್ತು ಇದೇ ಏನು?

ಹೊಸಬನ ಕರ್ತವ್ಯ ಕಲಿಯುವುದು. ಊರಿನವರ ಕರ್ತವ್ಯ ಕಲಿಸುವುದು. ಒಂದು ಕೈಯಿಂದ ಚಪ್ಪಾಳೆಯಾಗದು. ನಿಮ್ಮಲ್ಲಿ ಕೆಲವರು ನಾಳೆ ದೂರದ ನಗರಗಳಿಗೆ ಹೋಗಿ, ತಿಳಿಯದ ಲಿಪಿಯ ಹಲಗೆಯ ಕೆಳಗೆ ನಿಂತು ದಾರಿ ಕೇಳುವಿರಿ. ಅದಕ್ಕೆ ಮೊದಲು, ನಿಮ್ಮ ತರಗತಿಗೆ ಬೇರೆ ನಾಡಿನ ಕಾರ್ಮಿಕನ ಮಗುವೊಂದು ಬಂದು ಕೊನೆಯ ಸಾಲಿನಲ್ಲಿ ಕುಳಿತಿರಬಹುದು. ಅದಕ್ಕೆ ಕನ್ನಡದ ಕಾಗುಣಿತವನ್ನು ಹೇಳಿಕೊಡಿರಿ. ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಡಿರಿ. ಆ ರೊಟ್ಟಿಯ ಜೋಳವೂ ಒಂದಾನೊಂದು ಕಾಲದಲ್ಲಿ ಈ ನೆಲಕ್ಕೆ ಹೊಸದಾಗಿಯೇ ಬಂದಿತ್ತು.

ಅಭ್ಯಾಸ

1. ನೋಡಿ ಬರುವವನಿಗೂ ಇದ್ದು ಬಾಳುವವನಿಗೂ ಇರುವ ಭೇದವೇನು?
2. ಇಥಿಯೋಪಿಯಾದ ಕಾಲಗಣನೆಯು ನಮ್ಮದಕ್ಕಿಂತ ಹೇಗೆ ಭಿನ್ನವಾಗಿದೆ? ಅದಕ್ಕೂ ನಮ್ಮ ಪಂಚಾಂಗಕ್ಕೂ ಇರುವ ಹೋಲಿಕೆಯನ್ನು ತಿಳಿಸಿರಿ.
3. 'ತುತ್ತು ನೀಡುವ ಕೈಯಲ್ಲಿರುವುದು ಅನ್ನ ಮಾತ್ರವಲ್ಲ, ನಂಬಿಕೆ' – ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
4. ನಿಮ್ಮ ಊರಿಗೆ ಹೊರಗಿನಿಂದ ಬಂದು ನೆಲೆಸಿದ ಒಂದು ಕುಟುಂಬದವರನ್ನು ಮಾತನಾಡಿಸಿ, ಅವರು ಮೊದಲು ಕಲಿತ ಸಂಗತಿಗಳನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.